ಪೊಟ್ಯಾಷಿಯಂ ಏರದಿದ್ದರೆ ಮೆಗ್ನೀಷಿಯಂ ನೋಡಿ

ಐಸಿಯು ಹೊರಗಿನ ಸಾಲು ಕುರ್ಚಿಗಳಲ್ಲಿ ಬೆಳಗಿನ ಹೊತ್ತು ಯಾರೂ ಹೆಚ್ಚು ಮಾತಾಡುವುದಿಲ್ಲ. ರಾತ್ರಿಯಿಡೀ ಅಲ್ಲೇ ಕೂತವರ ಕಾಲ ಬಳಿ ಫ್ಲಾಸ್ಕು, ಹೊದಿಕೆ, ಔಷಧಿ ಚೀಟಿಗಳು ತುಂಬಿದ ಪ್ಲಾಸ್ಟಿಕ್ ಚೀಲ. ಡಾಕ್ಟರು ಹೊರಬಂದು ರೋಗಿಯ ಹೆಸರು ಹೇಳಿದೊಡನೆ ಮನೆಯವರು ಎದ್ದು ಸುತ್ತುಗಟ್ಟುತ್ತಾರೆ. “ಬಿಪಿ ಈಗ ಪರವಾಗಿಲ್ಲ. ಶುಗರ್ ಹತೋಟಿಗೆ ಬಂದಿದೆ. ಪೊಟ್ಯಾಷಿಯಂ ಮಾತ್ರ ಕಡಿಮೆ ಇದೆ, ಕೊಡ್ತಾ ಇದ್ದೀವಿ.” ಮರುದಿನವೂ ಅದೇ ಮಾತು. ಅದರ ಮರುದಿನವೂ ಅದೇ. ಕೊಡುತ್ತಿದ್ದಾರೆ, ಆದರೆ ಏರುತ್ತಿಲ್ಲ.

ಇಂಥ ಹೊತ್ತಿನಲ್ಲಿ ಅನುಭವಿ ವೈದ್ಯರು ಕೇಳುವ ಪ್ರಶ್ನೆ ಒಂದಿದೆ: “ಮೆಗ್ನೀಷಿಯಂ ಎಷ್ಟಿದೆ?” ಸೋಡಿಯಂ, ಪೊಟ್ಯಾಷಿಯಂಗಳ ಹೆಸರು ಈಗ ಮನೆಮನೆಗೂ ಗೊತ್ತು. ಮೆಗ್ನೀಷಿಯಂ ಅಷ್ಟು ಪರಿಚಿತವಲ್ಲ. ಆಸ್ಪತ್ರೆಗೆ ದಾಖಲಾಗುವ ಎಲ್ಲ ರೋಗಿಗಳನ್ನು ತೆಗೆದುಕೊಂಡರೆ ನೂರಕ್ಕೆ ಸುಮಾರು ಹತ್ತು ಮಂದಿಯ ರಕ್ತದಲ್ಲಿ ಅದು ಕಡಿಮೆ ಇರುತ್ತದೆ. ತೀವ್ರ ನಿಗಾ ಘಟಕಗಳಲ್ಲಿ ಈ ಪ್ರಮಾಣ ಬಹಳ ಹೆಚ್ಚು. ಶೇ 20ರಿಂದ 65ರವರೆಗೂ ಇದೆಯೆಂದು ಬೇರೆ ಬೇರೆ ಅಧ್ಯಯನಗಳು ಹೇಳಿವೆ. ಇಷ್ಟು ಸಾಮಾನ್ಯವಾದ ಕೊರತೆ ಇಷ್ಟು ಸುಲಭವಾಗಿ ಕಣ್ತಪ್ಪುವುದು ಏಕೆ? ಅದರಿಂದ ಆಗುವ ತೊಂದರೆ ಏನು?

ಮೂಳೆಯಲ್ಲಿ ದಾಸ್ತಾನು, ರಕ್ತದಲ್ಲಿ ಚೂರು

ವಯಸ್ಕರ ದೇಹದಲ್ಲಿ ಸುಮಾರು 25 ಗ್ರಾಂ ಮೆಗ್ನೀಷಿಯಂ ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೂಳೆಗಳಲ್ಲಿದೆ. ಉಳಿದದ್ದರ ಬಹುಪಾಲು ಸ್ನಾಯು ಮತ್ತಿತರ ಅಂಗಗಳ ಜೀವಕೋಶಗಳ ಒಳಗಿದೆ. ರಕ್ತದಲ್ಲಿ ಹರಿದಾಡುವುದು ಶೇ 1ಕ್ಕಿಂತಲೂ ಕಡಿಮೆ.

ಅದರ ಕೆಲಸ ಮಾತ್ರ ಎಲ್ಲೆಡೆಯೂ ಇದೆ. ಜೀವಕೋಶಗಳು ಇಂಧನವಾಗಿ ಬಳಸುವ ಎಟಿಪಿ ಎಂಬ ಅಣು ಮೆಗ್ನೀಷಿಯಂ ಜೊತೆಗೂಡಿಯೇ ಕೆಲಸಕ್ಕೆ ಬರುತ್ತದೆ. ಮುನ್ನೂರಕ್ಕೂ ಹೆಚ್ಚು ಕಿಣ್ವಗಳಿಗೆ ಅದರ ನೆರವು ಬೇಕು. ಪ್ರತಿ ಜೀವಕೋಶದ ಪೊರೆಯಲ್ಲೂ ಸೋಡಿಯಂ ಅನ್ನು ಹೊರಗೆ ತಳ್ಳಿ ಪೊಟ್ಯಾಷಿಯಂ ಅನ್ನು ಒಳಗೆ ಎಳೆದುಕೊಳ್ಳುವ ಪಂಪುಗಳಿವೆ. ಅವು ನಡೆಯಲೂ ಮೆಗ್ನೀಷಿಯಂ ಬೇಕು. ಸ್ನಾಯುಗಳನ್ನು ಬಿಗಿಗೊಳಿಸುವುದು ಕ್ಯಾಲ್ಸಿಯಂ. ಆ ಕ್ಯಾಲ್ಸಿಯಂ ಮಿತಿಮೀರಿ ನುಗ್ಗದಂತೆ ತಡೆದು, ಸ್ನಾಯು ಸಡಿಲಗೊಳ್ಳಲು ಅನುವು ಮಾಡಿಕೊಡುವುದು ಮೆಗ್ನೀಷಿಯಂ.

ಹೀಗಾಗಿ ಅದು ಕಡಿಮೆಯಾದಾಗ ಒಂದು ಅಂಗ ಮಾತ್ರ ಕೆಡುವುದಿಲ್ಲ. ನರ, ಸ್ನಾಯು, ಹೃದಯ ಮೂರೂ ಒಟ್ಟಿಗೆ ಕೆರಳುತ್ತವೆ.

ಡ್ರಿಪ್ ಬಾಟಲಿ ಕೊಟ್ಟ ಸುಳಿವು

1930ರ ದಶಕದ ಆರಂಭದಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಎಲ್ಮರ್ ಮೆಕಾಲಂ ಮತ್ತು ಸಂಗಡಿಗರು ಇಲಿಗಳಿಗೆ ಮೆಗ್ನೀಷಿಯಂ ಇಲ್ಲದ ಆಹಾರ ಕೊಟ್ಟು ನೋಡಿದರು. ಇಲಿಗಳ ಚರ್ಮ ಕೆಂಪೇರಿತು, ಸಣ್ಣ ಸದ್ದಿಗೂ ಬೆಚ್ಚತೊಡಗಿದವು, ಕೊನೆಗೆ ಸೆಳವು ಬಂದು ಸತ್ತವು. ಇದು ಪ್ರಯೋಗಾಲಯದ ಕಥೆಯಾಯಿತು. ಊಟದಲ್ಲಿ ಬೇಕಾದಷ್ಟು ಮೆಗ್ನೀಷಿಯಂ ಸಿಗುವ ಮನುಷ್ಯನಿಗೆ ಇಂಥ ಕೊರತೆ ಹೇಗೆ ಬಂದೀತು?

ಉತ್ತರ ಆಸ್ಪತ್ರೆಯ ಹಾಸಿಗೆಯ ಬಳಿಯೇ ಸಿಕ್ಕಿತು. ಮಿನ್ನೆಸೋಟ ವಿಶ್ವವಿದ್ಯಾಲಯದ ವೈದ್ಯ ಎಡ್ಮಂಡ್ ಫ್ಲಿಂಕ್ ಮತ್ತು ಸಂಗಡಿಗರು 1954ರಲ್ಲಿ ಪ್ರಕಟಿಸಿದ ವರದಿಯಲ್ಲಿ ಎರಡು ಬಗೆಯ ರೋಗಿಗಳಿದ್ದರು. ಒಂದು ಗುಂಪು ಬಹುಕಾಲದ ಕುಡಿತದಿಂದ ಸನ್ನಿಗೆ ಸಿಕ್ಕಿ ನಡುಗುತ್ತಿದ್ದವರದು. ಇನ್ನೊಂದು ಗುಂಪು ಬಾಯಿಂದ ಆಹಾರವಿಲ್ಲದೆ ದಿನಗಟ್ಟಲೆ ಡ್ರಿಪ್ ಮೇಲೆಯೇ ಇದ್ದವರದು. ಹಾಕುತ್ತಿದ್ದ ದ್ರವದಲ್ಲಿ ಉಪ್ಪಿತ್ತು, ಗ್ಲೂಕೋಸ್ ಇತ್ತು, ಮೆಗ್ನೀಷಿಯಂ ಇರಲಿಲ್ಲ. ಒಳಗೆ ಬರುವುದು ನಿಂತಿತ್ತು, ಹೊರಗೆ ಹೋಗುವುದು ನಡೆದೇ ಇತ್ತು.

ಆ ಮಾತು ಇಂದಿಗೂ ಹಳತಾಗಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ದಿನನಿತ್ಯ ಹಾಕುವ ನಾರ್ಮಲ್ ಸಲೈನ್, ರಿಂಗರ್ ಲ್ಯಾಕ್ಟೇಟ್, ಗ್ಲೂಕೋಸ್ ಬಾಟಲಿ ಈ ಮೂರರಲ್ಲೂ ಮೆಗ್ನೀಷಿಯಂ ಇರುವುದಿಲ್ಲ. ಒಂದೆರಡು ದಿನಕ್ಕೆ ಅದರಿಂದ ತೊಂದರೆಯಿಲ್ಲ. ಆಹಾರವಿಲ್ಲದೆ ಡ್ರಿಪ್ ಮೇಲೆಯೇ ವಾರ ಕಳೆದವರ ವಿಷಯದಲ್ಲಿ ಮಾತ್ರ ಇದು ನೆನಪಿರಬೇಕು.

ಸೋರಿಹೋಗುವ ದಾರಿಗಳು

ಮೆಗ್ನೀಷಿಯಂನ ಜಮಾ ಖರ್ಚು ನೋಡಿಕೊಳ್ಳುವುದು ಮೂತ್ರಪಿಂಡ. ದಿನವೊಂದಕ್ಕೆ ಎರಡು ಗ್ರಾಂಗೂ ಹೆಚ್ಚು ಮೆಗ್ನೀಷಿಯಂ ಅಲ್ಲಿ ಸೋಸಿ ಹೋಗುತ್ತದೆ. ಆರೋಗ್ಯವಂತ ಮೂತ್ರಪಿಂಡ ಅದರಲ್ಲಿ ಶೇ 95ರಷ್ಟನ್ನು ಮರಳಿ ರಕ್ತಕ್ಕೆ ಸೇರಿಸುತ್ತದೆ. ಮರಳಿ ಹೀರುವ ಈ ಕೆಲಸದ ಬಹುಭಾಗ ನಡೆಯುವುದು ‘ಹೆನ್ಲೆ ಕುಣಿಕೆ’ ಎಂಬ ಸಣ್ಣ ನಾಳದ ಮೇಲೇರುವ ಭಾಗದಲ್ಲಿ.

ಕಾಲು ಊದಿದವರಿಗೆ, ಎದೆಯಲ್ಲಿ ನೀರು ತುಂಬಿದವರಿಗೆ ಕೊಡುವ ಫ್ಯೂರೋಸೆಮೈಡ್, ಅಂದರೆ ನೀರು ಇಳಿಸುವ ಮಾತ್ರೆ ಅಥವಾ ಇಂಜೆಕ್ಷನ್, ಕೆಲಸ ಮಾಡುವುದು ಇದೇ ಭಾಗದ ಮೇಲೆ. ನೀರು ಇಳಿಯುತ್ತದೆ, ಅದರೊಂದಿಗೆ ಪೊಟ್ಯಾಷಿಯಂ, ಮೆಗ್ನೀಷಿಯಂ ಎರಡೂ ಇಳಿಯುತ್ತವೆ. ಸೋಂಕಿಗೆ ಕೊಡುವ ಜೆಂಟಾಮೈಸಿನ್, ಅಮಿಕಾಸಿನ್, ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್ ಕೂಡ ಮೂತ್ರಪಿಂಡದ ಹಿಡಿತವನ್ನು ಸಡಿಲಿಸುತ್ತವೆ. 2021ರಲ್ಲಿ ಕೋವಿಡ್ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರ ರೋಗದ ದಿನಗಳಲ್ಲಿ ಕರ್ನಾಟಕದ ಎಷ್ಟೋ ಕುಟುಂಬಗಳು ಆಂಫೊಟೆರಿಸಿನ್ ಇಂಜೆಕ್ಷನ್‌ಗಾಗಿ ಪರದಾಡಿದ್ದವು. ಜೀವ ಉಳಿಸುವ ಆ ಔಷಧಿಗೂ ಪೊಟ್ಯಾಷಿಯಂ, ಮೆಗ್ನೀಷಿಯಂಗಳನ್ನು ಸೋರಿಸುವ ಗುಣವಿದೆ.

ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ ಮೂತ್ರದಲ್ಲಿ ಸಕ್ಕರೆ ಹೋಗುತ್ತದೆ, ಅದರ ಹಿಂದೆ ನೀರು, ನೀರಿನೊಡನೆ ಮೆಗ್ನೀಷಿಯಂ. ಭೇದಿ ಹಲವು ದಿನ ಮುಂದುವರಿದರೆ ಕರುಳಿನ ದಾರಿಯಲ್ಲಿ ನಷ್ಟ. ಮೇದೋಜೀರಕ ಗ್ರಂಥಿ ಊದಿಕೊಂಡಾಗ, ಸುಟ್ಟಗಾಯಗಳಾದಾಗ, ದೊಡ್ಡ ಹೃದಯ ಶಸ್ತ್ರಚಿಕಿತ್ಸೆಯಾದಾಗ, ಬಹಳ ರಕ್ತ ಹಾಕಬೇಕಾಗಿ ಬಂದಾಗಲೂ ಮಟ್ಟ ಕುಸಿಯುತ್ತದೆ. ಬಹುದಿನ ಉಪವಾಸವಿದ್ದು ಸೊರಗಿದವರಿಗೆ ಒಮ್ಮೆಲೇ ಹೆಚ್ಚು ಆಹಾರ ಕೊಟ್ಟರೆ ಇನ್ಸುಲಿನ್ ಉಕ್ಕಿ, ರಕ್ತದಲ್ಲಿದ್ದ ಅಷ್ಟಿಷ್ಟು ಮೆಗ್ನೀಷಿಯಂ ಜೀವಕೋಶಗಳ ಒಳಗೆ ಸೇರಿಬಿಡುತ್ತದೆ.

ಮನೆಯಲ್ಲೇ ಶುರುವಾಗುವ ಕಾರಣವೂ ಒಂದಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಗ್ಯಾಸ್ಟ್ರಿಕ್ ಮಾತ್ರೆ, ಅಂದರೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಗುಂಪಿನ ಔಷಧಿ. ವರ್ಷಗಟ್ಟಲೆ ಇದನ್ನು ತೆಗೆದುಕೊಂಡರೆ ಮೆಗ್ನೀಷಿಯಂ ಇಳಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲಿ ಎಚ್ಚರಿಕೆ ಕೊಟ್ಟಿತು. ವರದಿಯಾದ ಪ್ರಕರಣಗಳಲ್ಲಿ ಸುಮಾರು ಕಾಲುಭಾಗದಲ್ಲಿ ಮೆಗ್ನೀಷಿಯಂ ಕೊಟ್ಟಷ್ಟರಿಂದಲೇ ಸರಿಹೋಗಲಿಲ್ಲ, ಮಾತ್ರೆಯನ್ನೇ ನಿಲ್ಲಿಸಬೇಕಾಯಿತು.

ಐಸಿಯು ರೋಗಿಯಲ್ಲಿ ಈ ಕಾರಣಗಳು ಒಂದೊಂದಾಗಿ ಬರುವುದಿಲ್ಲ. ಸಕ್ಕರೆ ಕಾಯಿಲೆ, ತೀವ್ರ ಸೋಂಕು, ಊಟವಿಲ್ಲದಿರುವುದು, ನೀರು ಇಳಿಸುವ ಇಂಜೆಕ್ಷನ್, ಗ್ಯಾಸ್ಟ್ರಿಕ್ ಔಷಧಿ ಎಲ್ಲವೂ ಒಬ್ಬರಲ್ಲೇ ಕೂಡಿರುತ್ತವೆ. ಒಂದೊಂದು ಔಷಧಿಯೂ ಬೇಕಾದದ್ದೇ. ಯಾವುದನ್ನೂ ಕೊಡಬಾರದಿತ್ತು ಎಂದು ಹೇಳುವಂತಿಲ್ಲ. ಅವೆಲ್ಲ ಸೇರಿ ಏನನ್ನು ಸೋರಿಸುತ್ತಿವೆ ಎಂಬ ಲೆಕ್ಕ ಇಟ್ಟುಕೊಳ್ಳಬೇಕು, ಅಷ್ಟೆ.

ಪೊಟ್ಯಾಷಿಯಂ ಏಕೆ ನಿಲ್ಲುವುದಿಲ್ಲ?

ಮೂತ್ರಪಿಂಡದ ನಾಳಗಳ ಕೊನೆಯ ಭಾಗದಲ್ಲಿ ಪೊಟ್ಯಾಷಿಯಂ ಹೊರಹೋಗುವ ಸೂಕ್ಷ್ಮ ರಂಧ್ರಗಳಿವೆ. ಜೀವಕೋಶದೊಳಗಿನ ಮೆಗ್ನೀಷಿಯಂ ಒಳಗಿನಿಂದಲೇ ಈ ರಂಧ್ರಗಳಿಗೆ ಅಡ್ಡವಾಗಿ ನಿಂತಿರುತ್ತದೆ. ಅದು ಕಡಿಮೆಯಾದಾಗ ಅಡ್ಡಿ ಸರಿಯುತ್ತದೆ, ಪೊಟ್ಯಾಷಿಯಂ ಮೂತ್ರಕ್ಕೆ ಹರಿಯುತ್ತದೆ. ಡ್ರಿಪ್‌ನಲ್ಲಿ ಎಷ್ಟು ಹಾಕಿದರೂ ಉಳಿಯದು. ಮೊದಲು ಮೆಗ್ನೀಷಿಯಂ ತುಂಬಿದರೆ ಪೊಟ್ಯಾಷಿಯಂ ತಾನಾಗಿ ನಿಲ್ಲತೊಡಗುತ್ತದೆ.

ಕ್ಯಾಲ್ಸಿಯಂನದೂ ಹೆಚ್ಚುಕಡಿಮೆ ಇದೇ ಪಾಡು. ರಕ್ತದ ಕ್ಯಾಲ್ಸಿಯಂ ಕಾಯುವ ಹಾರ್ಮೋನು ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳಿಂದ ಬರುತ್ತದೆ. ಮೆಗ್ನೀಷಿಯಂ ತೀರಾ ಇಳಿದಾಗ ಆ ಹಾರ್ಮೋನು ಸರಿಯಾಗಿ ಸ್ರವಿಸುವುದಿಲ್ಲ. ಸ್ರವಿಸಿದರೂ ಮೂಳೆಗಳು ಅದರ ಮಾತು ಕೇಳುವುದಿಲ್ಲ.

ಇದನ್ನು ಮನುಷ್ಯರಲ್ಲೇ ತೋರಿಸಿಕೊಟ್ಟವರು ಅಮೆರಿಕದ ಪೋಷಣಾ ತಜ್ಞ ಮಾರಿಸ್ ಶಿಲ್ಸ್. 1960ರ ದಶಕದಲ್ಲಿ ಅವರು ಸ್ವಯಂಸೇವಕರಿಗೆ ಮೆಗ್ನೀಷಿಯಂ ಒಂದನ್ನುಳಿದು ಬೇರೆಲ್ಲ ಪೋಷಕಾಂಶ ಸಾಕಷ್ಟಿರುವ ಆಹಾರ ಕೊಟ್ಟರು. ದಿನಗಳೆದಂತೆ ಅವರಲ್ಲಿ ಪೊಟ್ಯಾಷಿಯಂ, ಕ್ಯಾಲ್ಸಿಯಂ ಎರಡೂ ಇಳಿದವು. ಮೆಗ್ನೀಷಿಯಂ ಮರಳಿ ಕೊಟ್ಟ ಮೇಲೆ ಎರಡೂ ಚೇತರಿಸಿಕೊಂಡವು.

ನಡುಕದಿಂದ ತಾಳ ತಪ್ಪುವವರೆಗೆ

ಕೊರತೆ ಸ್ವಲ್ಪವೇ ಇದ್ದರೆ ಲಕ್ಷಣಗಳು ಕಾಣುವುದಿಲ್ಲ. ಮಟ್ಟ ಇನ್ನೂ ಕುಸಿದಾಗ ಕೈ ನಡುಕ, ಸ್ನಾಯು ಸೆಳೆತ, ಗೊಂದಲ, ಕೆಲವೊಮ್ಮೆ ಫಿಟ್ಸ್ ಬರುತ್ತವೆ. ಬಿಪಿ ನೋಡುವ ಪಟ್ಟಿಯನ್ನು ತೋಳಿಗೆ ಬಿಗಿದು ಕೆಲವು ನಿಮಿಷ ಹಾಗೇ ಇಟ್ಟರೆ ಕೈಬೆರಳುಗಳು ಸೆಟೆದುಕೊಳ್ಳುವುದೂ ಉಂಟು.

ಆದರೆ ಐಸಿಯು ರೋಗಿಗಳಲ್ಲಿ ಎಷ್ಟೋ ಮಂದಿ ನಿದ್ದೆಯ ಔಷಧಿಯ ಪ್ರಭಾವದಲ್ಲಿರುತ್ತಾರೆ, ಬಾಯಲ್ಲಿ ವೆಂಟಿಲೇಟರ್ ಕೊಳವೆ ಇರುತ್ತದೆ. ಸೆಳೆತ ಎಂದು ಹೇಳಿಕೊಳ್ಳಲು ಅವರಿಗೆ ಆಗುವುದಿಲ್ಲ. ಗೊಂದಲಕ್ಕೆ ಸೋಂಕು, ಜ್ವರ, ನಿದ್ರಾಹೀನತೆ ಹೀಗೆ ಬೇರೆ ನೂರು ಕಾರಣ ಇರುತ್ತವೆ. ಲಕ್ಷಣ ನೋಡಿ ಗುರುತಿಸುತ್ತೇವೆಂದು ಕಾದರೆ ತಡವಾಗುತ್ತದೆ.

ಉಸಿರಾಟದ ಸ್ನಾಯುಗಳು ಸೋಲುವುದು ಇನ್ನೊಂದು ಚಿಂತೆ. ಮೆಗ್ನೀಷಿಯಂ ಕಡಿಮೆಯಿದ್ದ ರೋಗಿಗಳಿಗೆ ಅದನ್ನು ಕೊಟ್ಟಾಗ ಉಸಿರಾಟದ ಸ್ನಾಯುಗಳ ಬಲ ಹೆಚ್ಚಿದ್ದನ್ನು 1980ರ ದಶಕದಲ್ಲೇ ಅಳೆದು ನೋಡಲಾಗಿದೆ. ರೋಗಿಯನ್ನು ವೆಂಟಿಲೇಟರ್‌ನಿಂದ ಬಿಡಿಸಲು ಹೊರಟಾಗ ಪೊಟ್ಯಾಷಿಯಂ, ರಂಜಕ, ಮೆಗ್ನೀಷಿಯಂಗಳನ್ನು ಸರಿಪಡಿಸಿಕೊಳ್ಳುವುದು ಇದೇ ಕಾರಣಕ್ಕೆ.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಹೃದಯದ ತಾಳ ತಪ್ಪುವುದು. 1966ರಲ್ಲಿ ಫ್ರಾನ್ಸಿನ ಹೃದ್ರೋಗ ತಜ್ಞ ಫ್ರಾನ್ಸ್ವಾ ಡೆಸರ್ಟೆನ್ ಒಂದು ವಿಶಿಷ್ಟ ಬಗೆಯ ಇಸಿಜಿಯನ್ನು ವಿವರಿಸಿದರು. ಅದರಲ್ಲಿ ಅಲೆಗಳು ನಡುಗೆರೆಯ ಸುತ್ತ ತಿರುಚಿಕೊಂಡಂತೆ ಕಾಣುತ್ತವೆ. ಈ ಬಡಿತ ಶುರುವಾದರೆ ರೋಗಿ ಕ್ಷಣಗಳಲ್ಲಿ ಪ್ರಜ್ಞೆ ತಪ್ಪಬಹುದು, ಹೃದಯ ನಿಂತೇ ಹೋಗಬಹುದು. ಮೆಗ್ನೀಷಿಯಂ, ಪೊಟ್ಯಾಷಿಯಂ ಕಡಿಮೆ ಇರುವುದು ಇದಕ್ಕೆ ದಾರಿ ಮಾಡಿಕೊಡುತ್ತದೆ. ಹೃದಯದ ವಿದ್ಯುತ್ ಚಟುವಟಿಕೆಯನ್ನು ಬದಲಿಸುವ ಕೆಲವು ಔಷಧಿಗಳೂ ಕಾರಣವಾಗುತ್ತವೆ. ಇದಕ್ಕೆ ಕೂಡಲೇ ಕೊಡುವ ಮದ್ದು ರಕ್ತನಾಳದ ಮೂಲಕ ಮೆಗ್ನೀಷಿಯಂ ಸಲ್ಫೇಟ್. ರಿಪೋರ್ಟಿಗಾಗಿ ಕಾಯುವುದಿಲ್ಲ, ರಕ್ತದ ಮಟ್ಟ ಸಹಜವಿದ್ದರೂ ಕೊಡುತ್ತಾರೆ.

ರಿಪೋರ್ಟ್ ಹೇಳುವುದೆಷ್ಟು?

ರಕ್ತದಲ್ಲಿ ಮೆಗ್ನೀಷಿಯಂನ ಸಹಜ ಮಟ್ಟ ಒಂದು ಡೆಸಿಲೀಟರಿಗೆ ಸುಮಾರು 1.7ರಿಂದ 2.4 ಮಿಲಿಗ್ರಾಂ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ತುಸು ವ್ಯತ್ಯಾಸವಿರುತ್ತದೆ. ನಡುಕ, ಫಿಟ್ಸ್‌ನಂಥ ತೀವ್ರ ಲಕ್ಷಣಗಳು ಸಾಮಾನ್ಯವಾಗಿ 1.2ಕ್ಕಿಂತ ಕೆಳಗಿಳಿದಾಗ ಕಾಣುತ್ತವೆ.

ವೈದ್ಯರು “ಸೀರಮ್ ಎಲೆಕ್ಟ್ರೋಲೈಟ್ಸ್” ಎಂದು ಬರೆದುಕೊಟ್ಟರೆ ಸಾಮಾನ್ಯವಾಗಿ ಬರುವುದು ಸೋಡಿಯಂ, ಪೊಟ್ಯಾಷಿಯಂ, ಕ್ಲೋರೈಡ್. ಮೆಗ್ನೀಷಿಯಂ ಬೇಕಾದರೆ ಬೇರೆಯಾಗಿ ಬರೆಯಬೇಕು. ದುಬಾರಿ ಪರೀಕ್ಷೆಯಲ್ಲ, ಕಷ್ಟದ ಪರೀಕ್ಷೆಯೂ ಅಲ್ಲ. ಬರೆಯದಿದ್ದರೆ ಆಗುವುದಿಲ್ಲ, ಅಷ್ಟೆ. ಕೊರತೆ ಕಣ್ತಪ್ಪಲು ಮುಖ್ಯ ಕಾರಣ ಇದೇ.

ಬಂದ ಅಂಕಿಯನ್ನು ಓದುವಾಗಲೂ ಎಚ್ಚರ ಬೇಕು. ರಕ್ತದಲ್ಲಿರುವುದು ಒಟ್ಟು ದಾಸ್ತಾನಿನ ಒಂದು ಚೂರು ಮಾತ್ರ. ಗಲ್ಲಾಪೆಟ್ಟಿಗೆಯಲ್ಲಿರುವ ಚಿಲ್ಲರೆ ಎಣಿಸಿ ಸಾಹುಕಾರರ ಆಸ್ತಿ ಹೇಳಲಾಗದು; ಇದೂ ಹಾಗೆಯೇ. ಜೀವಕೋಶಗಳು ಬರಿದಾಗುತ್ತಿದ್ದರೂ ರಕ್ತದ ಮಟ್ಟ ಕೆಲಕಾಲ ಸಹಜವಾಗಿಯೇ ತೋರಬಹುದು. ಇನ್ನೊಂದು ಕಡೆ, ರಕ್ತದ ಮೆಗ್ನೀಷಿಯಂನಲ್ಲಿ ಒಂದು ಪಾಲು ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ, ಪ್ರೋಟೀನು ಇಳಿದ ರೋಗಿಯಲ್ಲಿ ಮಟ್ಟ ಇರುವುದಕ್ಕಿಂತ ಕಡಿಮೆಯಾಗಿ ಕಾಣಬಹುದು. ತೆಗೆದ ರಕ್ತದಲ್ಲಿ ಕೆಂಪು ಕಣಗಳು ಒಡೆದರೆ ಅಂಕಿ ಸುಳ್ಳೇ ಏರುತ್ತದೆ. ಆದ್ದರಿಂದ ವೈದ್ಯರು ಅಂಕಿಯ ಜೊತೆಗೆ ರೋಗಿಯ ಕಾಯಿಲೆ, ಅವರಿಗೆ ಕೊಡುತ್ತಿರುವ ಔಷಧಿ, ಇಸಿಜಿ ಎಲ್ಲವನ್ನೂ ಒಟ್ಟಿಗಿಟ್ಟು ನೋಡುತ್ತಾರೆ.

ಕೊಡುವುದೂ ಒಂದು ಕಲೆ

ಇಂಜೆಕ್ಷನ್ ರೂಪದಲ್ಲಿ ಕೊಡುವುದು ಮೆಗ್ನೀಷಿಯಂ ಸಲ್ಫೇಟ್. ವಾರ್ಡುಗಳಲ್ಲಿ ಅದರ ಹೆಸರು ‘ಮ್ಯಾಗ್‌ಸಲ್ಫ್’. ಇಂಗ್ಲೆಂಡಿನ ಎಪ್ಸಮ್ ಎಂಬ ಊರಿನ ಚಿಲುಮೆಯ ನೀರಿನಿಂದ ಹದಿನೇಳನೆಯ ಶತಮಾನದಲ್ಲಿ ತೆಗೆಯುತ್ತಿದ್ದ ‘ಎಪ್ಸಮ್ ಉಪ್ಪು’ ಇದೇ. ಇದರ ಒಂದು ಗ್ರಾಂನಲ್ಲಿ ನಿಜವಾದ ಮೆಗ್ನೀಷಿಯಂ ಇರುವುದು ಸುಮಾರು 100 ಮಿಲಿಗ್ರಾಂ ಮಾತ್ರ.

ಜೀವಕ್ಕೆ ಅಪಾಯವಿರುವಾಗ ಒಂದೆರಡು ಗ್ರಾಂ ಅನ್ನು ಕೆಲವೇ ನಿಮಿಷಗಳಲ್ಲಿ ಕೊಡುತ್ತಾರೆ. ಉಳಿದಂತೆ ಅವಸರ ಪಡಬಾರದು. ರಕ್ತದ ಮಟ್ಟ ಒಮ್ಮೆಲೇ ಏರಿದರೆ ಮೂತ್ರಪಿಂಡ ಅದನ್ನು ಹೆಚ್ಚೆಂದು ತಿಳಿದು ಅರ್ಧದಷ್ಟನ್ನು ಹೊರಹಾಕಿಬಿಡುತ್ತದೆ. ಜೀವಕೋಶಗಳೊಳಗೆ ಅದು ನಿಧಾನವಾಗಿ ಸೇರುವುದರಿಂದ ಗಂಟೆಗಟ್ಟಲೆ ಹನಿಹನಿಯಾಗಿ ಕೊಡುವುದೇ ಲಾಭ. ಒಂದು ದಿನದ ರಿಪೋರ್ಟ್ ಸರಿಯಾಯಿತೆಂದು ನಿಲ್ಲಿಸಿದರೆ ಮಟ್ಟ ಮತ್ತೆ ಇಳಿಯುತ್ತದೆ. ದಾಸ್ತಾನು ತುಂಬಲು ಹಲವು ದಿನ ಬೇಕು.

ಮೂತ್ರಪಿಂಡ ಸೋತವರ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಅವರಲ್ಲಿ ಮೆಗ್ನೀಷಿಯಂ ಹೊರಹೋಗದೆ ಶೇಖರವಾಗುತ್ತದೆ. ಅದು ಹೆಚ್ಚಾದರೆ ಮೊದಲು ಮೊಣಕಾಲಿನ ಪ್ರತಿವರ್ತನೆ ಮಾಯವಾಗುತ್ತದೆ, ಆಮೇಲೆ ಉಸಿರು ಕ್ಷೀಣಿಸುತ್ತದೆ, ಕೊನೆಗೆ ಹೃದಯ ನಿಲ್ಲುತ್ತದೆ. ಹೀಗಾದಾಗ ಕೊಡಲು ಕ್ಯಾಲ್ಸಿಯಂ ಗ್ಲುಕೋನೇಟ್ ಕೈಗೆ ಸಿಗುವಂತೆ ಇಟ್ಟುಕೊಂಡಿರುತ್ತಾರೆ.

ಹೆರಿಗೆ ವಾರ್ಡಿನ ಪಾಠ

ಮ್ಯಾಗ್‌ಸಲ್ಫ್ ಅನ್ನು ನಮ್ಮಲ್ಲಿ ಅತಿ ಹೆಚ್ಚು ಬಲ್ಲವರು ಹೆರಿಗೆ ವಾರ್ಡಿನ ನರ್ಸುಗಳು. ಗರ್ಭಿಣಿಗೆ ಬಿಪಿ ಏರಿ ಫಿಟ್ಸ್ ಬರುವ ನಂಜಿಗೆ ಅದೇ ಮೊದಲ ಮದ್ದು. 1995ರಲ್ಲಿ ಪ್ರಕಟವಾದ, ಭಾರತವೂ ಭಾಗಿಯಾಗಿದ್ದ ಅಂತರರಾಷ್ಟ್ರೀಯ ಪ್ರಯೋಗವೊಂದು ಫಿಟ್ಸ್ ಮರುಕಳಿಸದಂತೆ ತಡೆಯುವಲ್ಲಿ ಡಯಾಜೆಪಾಮ್, ಫೆನಿಟಾಯಿನ್ ಎರಡಕ್ಕಿಂತಲೂ ಮೆಗ್ನೀಷಿಯಂ ಮೇಲು ಎಂದು ತೋರಿಸಿತು. 2002ರಲ್ಲಿ ಪ್ರಕಟವಾದ, 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಗರ್ಭಿಣಿಯರಲ್ಲಿ ನಡೆದ ‘ಮ್ಯಾಗ್‌ಪೈ’ ಪ್ರಯೋಗದಲ್ಲಿ, ಫಿಟ್ಸ್ ಬರುವ ಅಪಾಯ ಅರ್ಧಕ್ಕಿಂತ ಕೆಳಗೆ ಇಳಿಯಿತು. ದೊಡ್ಡಾಸ್ಪತ್ರೆಗೆ ಕಳುಹಿಸುವ ಮುನ್ನ ಮೊದಲ ಡೋಸನ್ನು ತರಬೇತಿ ಪಡೆದ ಆರೋಗ್ಯ ಸಹಾಯಕಿಯರೇ ಕೊಡಲು ಭಾರತದ ಮಾರ್ಗಸೂಚಿ ಅವಕಾಶ ಮಾಡಿಕೊಟ್ಟಿದೆ.

ಇಲ್ಲಿ ಮೆಗ್ನೀಷಿಯಂ ಕೊಡುವುದು ಕೊರತೆ ತುಂಬಲು ಅಲ್ಲ, ಔಷಧಿಯಾಗಿ. ಆದರೂ ಐಸಿಯು ಕಲಿಯಬೇಕಾದ ಪಾಠ ಇಲ್ಲಿದೆ. ಪ್ರತಿ ಡೋಸಿಗೆ ಮುಂಚೆ ನರ್ಸು ಮೊಣಕಾಲು ತಟ್ಟಿ ನೋಡುತ್ತಾರೆ, ಉಸಿರು ಎಣಿಸುತ್ತಾರೆ, ಮೂತ್ರ ಎಷ್ಟು ಬಂದಿದೆ ಎಂದು ಅಳೆಯುತ್ತಾರೆ. ಮೂರೂ ಸರಿಯಿದ್ದರೆ ಮಾತ್ರ ಮುಂದಿನ ಡೋಸು. ಈ ಶಿಸ್ತಿನಿಂದಾಗಿಯೇ ಒಂದು ಪ್ರಬಲ ಔಷಧಿ ಸಣ್ಣ ಆಸ್ಪತ್ರೆಗಳಲ್ಲೂ ಸುರಕ್ಷಿತವಾಗಿ ಬಳಕೆಯಾಗುತ್ತಿದೆ.

ಕೊಟ್ಟರೆ ಜೀವ ಉಳಿಯುತ್ತದೆಯೇ?

ಮೆಗ್ನೀಷಿಯಂ ಕಡಿಮೆಯಿರುವ ಐಸಿಯು ರೋಗಿಗಳಲ್ಲಿ ಸಾವು ಹೆಚ್ಚು, ವೆಂಟಿಲೇಟರ್ ಬೇಕಾಗುವುದು ಹೆಚ್ಚು, ಐಸಿಯುನಲ್ಲಿ ಉಳಿಯುವ ದಿನಗಳೂ ಹೆಚ್ಚು ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ವಿಶ್ಲೇಷಣೆಗಳು ಹೇಳುತ್ತವೆ. ಆದರೆ ಕಾಯಿಲೆ ಉಲ್ಬಣವಾಗಿದ್ದರಿಂದ ಮೆಗ್ನೀಷಿಯಂ ಇಳಿಯಿತೋ, ಮೆಗ್ನೀಷಿಯಂ ಇಳಿದದ್ದರಿಂದ ಕಾಯಿಲೆ ಉಲ್ಬಣವಾಯಿತೋ? ಎರಡೂ ಇರಬಹುದು. ಕೊರತೆ ತುಂಬಿದ ಮಾತ್ರಕ್ಕೆ ಸಾವು ಇಳಿಯುತ್ತದೆಂದು ಇಲ್ಲಿಯವರೆಗೆ ಖಚಿತವಾಗಿ ಸಾಬೀತಾಗಿಲ್ಲ.

ಅತಿ ಭರವಸೆ ಬೇಡವೆಂದು ಎಚ್ಚರಿಸುವ ಇತಿಹಾಸವೂ ಇದೆ. 1992ರಲ್ಲಿ ಪ್ರಕಟವಾದ, ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಹೃದಯಾಘಾತವಾದ ಸುಮಾರು 2,300 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಮೆಗ್ನೀಷಿಯಂ ಪಡೆದವರಲ್ಲಿ ಸಾವು ಕಡಿಮೆಯಾಗಿತ್ತು. ಎಲ್ಲ ಹೃದಯಾಘಾತಕ್ಕೂ ಇದನ್ನು ಕೊಡೋಣವೆಂಬ ಉತ್ಸಾಹ ಹುಟ್ಟಿತು. 1995ರಲ್ಲಿ 58,000 ರೋಗಿಗಳ ಬೃಹತ್ ಪ್ರಯೋಗದ ಫಲಿತಾಂಶ ಬಂದಾಗ ಯಾವ ಲಾಭವೂ ಕಾಣಲಿಲ್ಲ. ಕೊರತೆಯಿರಲಿ ಇಲ್ಲದಿರಲಿ ಎಲ್ಲರಿಗೂ ಸುರಿಯುವುದು ಒಂದು ಮಾತು. ಕೊರತೆಯಿದ್ದವರನ್ನು ಗುರುತಿಸಿ, ಅಳೆದು, ತುಂಬಿಕೊಡುವುದು ಬೇರೆಯೇ ಮಾತು. ಪೊಟ್ಯಾಷಿಯಂ ನಿಲ್ಲದ ರೋಗಿಗೆ, ತಾಳ ತಪ್ಪುತ್ತಿರುವ ಹೃದಯಕ್ಕೆ, ಫಿಟ್ಸ್ ಬರುತ್ತಿರುವವರಿಗೆ ಎರಡನೆಯದು ಬೇಕೇ ಬೇಕು.

ಮನೆಯವರು ಏನು ಮಾಡಬಹುದು?

ರಾಗಿ, ಕಾಳುಗಳು, ಶೇಂಗಾ, ಎಳ್ಳು, ಹಸಿರು ಸೊಪ್ಪು ಇವೆಲ್ಲ ಮೆಗ್ನೀಷಿಯಂ ಚೆನ್ನಾಗಿರುವ ಆಹಾರಗಳು. ಮುದ್ದೆ, ಸೊಪ್ಪಿನ ಸಾರು ಉಣ್ಣುವವರಿಗೆ ಆರೋಗ್ಯವಾಗಿರುವಾಗ ಕೊರತೆ ಸುಲಭಕ್ಕೆ ಬಾರದು. ಆದರೆ ಐಸಿಯುನಲ್ಲಿ ಸೋರಿಹೋಗುತ್ತಿರುವುದನ್ನು ಊಟದಿಂದ ತುಂಬಲಾಗದು. ಅಂಗಡಿಯಿಂದ ಮೆಗ್ನೀಷಿಯಂ ಮಾತ್ರೆ ತಂದು ರೋಗಿಗೆ ಕೊಡುವುದಂತೂ ಸಲ್ಲದು. ಅದು ಭೇದಿ ತರಿಸಬಹುದು, ಮೂತ್ರಪಿಂಡ ಕೆಟ್ಟವರಿಗೆ ಅಪಾಯವನ್ನೇ ತರಬಹುದು.

ಮನೆಯವರು ಕೊಡಬಹುದಾದದ್ದು ಮಾಹಿತಿ. ಗ್ಯಾಸ್ಟ್ರಿಕ್ ಮಾತ್ರೆ ಎಷ್ಟು ವರ್ಷದಿಂದ ನುಂಗುತ್ತಿದ್ದಾರೆ, ನೀರು ಇಳಿಸುವ ಮಾತ್ರೆ ಇದೆಯೇ, ಭೇದಿ ಎಷ್ಟು ದಿನದಿಂದ ಇತ್ತು, ಊಟ ಬಿಟ್ಟು ಎಷ್ಟು ದಿನವಾಯಿತು, ಮೂತ್ರಪಿಂಡದ ತೊಂದರೆ ಇದೆಯೇ, ಇದನ್ನೆಲ್ಲ ಹೇಳಬೇಕು. ಕುಡಿತದ ಅಭ್ಯಾಸವಿದ್ದರೆ ಸಂಕೋಚ ಬಿಟ್ಟು ಅದನ್ನೂ ಹೇಳಬೇಕು. ಮನೆಯಲ್ಲಿರುವ ಮಾತ್ರೆಗಳ ಸ್ಟ್ರಿಪ್‌ಗಳನ್ನೆಲ್ಲ ತಂದು ತೋರಿಸುವುದು ಇನ್ನೂ ಒಳ್ಳೆಯದು. ಪೊಟ್ಯಾಷಿಯಂ ಏರುತ್ತಿಲ್ಲ ಎಂದು ಡಾಕ್ಟರು ಹೇಳಿದರೆ “ಮೆಗ್ನೀಷಿಯಂ ನೋಡಿದ್ದೀರಾ ಸರ್?” ಎಂದು ವಿನಯದಿಂದ ಕೇಳಿದರೆ ತಪ್ಪೇನಿಲ್ಲ.

ಆಸ್ಪತ್ರೆಗಳು ಮಾಡಬೇಕಾದದ್ದು ಇದಕ್ಕಿಂತ ದೊಡ್ಡದು. ದೊಡ್ಡ ನಗರಗಳ ಐಸಿಯುಗಳಲ್ಲಿ ಮೆಗ್ನೀಷಿಯಂ ನೋಡುವ ಪರಿಪಾಠ ಬೆಳೆದಿದೆ. ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಿಗೂ ಅದು ತಲುಪಬೇಕು. ಅಪಾಯವಿರುವ ರೋಗಿ ದಾಖಲಾದ ದಿನವೇ ಸೋಡಿಯಂ, ಪೊಟ್ಯಾಷಿಯಂ ಜೊತೆಗೆ ಮೆಗ್ನೀಷಿಯಂ ಕೂಡ ಚೀಟಿಯಲ್ಲಿ ಬರೆಯುವಂತಾಗಬೇಕು. ಹೊಸ ಯಂತ್ರವಾಗಲಿ ದುಬಾರಿ ಔಷಧಿಯಾಗಲಿ ಇದಕ್ಕೆ ಬೇಡ. ಮ್ಯಾಗ್‌ಸಲ್ಫ್ ಹೆರಿಗೆ ವಾರ್ಡಿನ ಕಪಾಟಿನಲ್ಲಿ ಆಗಲೇ ಇದೆ, ಎಚ್ಚರದಿಂದ ಕೊಡಬಲ್ಲ ನರ್ಸುಗಳೂ ಅಲ್ಲಿದ್ದಾರೆ. ಇಷ್ಟು ಅಗ್ಗದಲ್ಲಿ ತಡೆಯಬಹುದಾದ ತೊಂದರೆಗೆ ಯಾವ ರೋಗಿಯೂ ತುತ್ತಾಗಬಾರದು.